ಬೆಂಗಳೂರಲ್ಲಿ ಗೋಲು ಹೊಡೆದವನ ಊರಲ್ಲಿ ಆರು ದಿನ

ಮೊದಲ ದಿನ

ಜಪಾನಿಗೆ ಹೊರಟವರೆಲ್ಲ ಫ್ಯೂಜಿ ಬೆಟ್ಟ, ಕ್ಯೋಟೋ, ಬುಲೆಟ್ ಟ್ರೈನು ಅಂತ ಪಟ್ಟಿ ಮಾಡುತ್ತಾರೆ. ನನ್ನ ಪಟ್ಟಿಯಲ್ಲಿ ಇದ್ದದ್ದು ಒಂದು ಕಾಲುವೆ, ಒಂದು ಕಾಲೇಜು, ಬೇಲಿ ಹಾಕಿದ ಒಂದು ಮೈದಾನ, ಒಂದು ಸ್ಟೇಡಿಯಂ. ಅಕ್ಕ ಅದನ್ನು ಓದಿ ಕನ್ನಡಕ ತೆಗೆದಿಟ್ಟಳು. "ಏನೋ, ಚೆಂಡು ಒದ್ದವನೊಬ್ಬನ ಹಿಂದೆ ಬಿದ್ದು ಇಷ್ಟು ದೂರ ಬಂದ್ಯಾ? ಅವನು ಆಟ ಬಿಟ್ಟೂ ಎಷ್ಟೋ ವರ್ಷ ಆಯ್ತಂತಲ್ಲ!"

ಅಕ್ಕ ಭಾವ ಇರೋದು ಟೋಕಿಯೋದ ಪೂರ್ವಕ್ಕೆ, ನಿಶಿ-ಕಸಾಯಿಯಲ್ಲಿ. ನಮ್ಮವರು ಜಾಸ್ತಿ ಇರುವ ಜಾಗ. ಲಿಫ್ಟಿನಲ್ಲೇ ಸಾಸಿವೆ ಒಗ್ಗರಣೆ ವಾಸನೆ ಬಂತು ಅಂದರೆ ನೋಡಿ. ರಾತ್ರಿ ಸಾರು ಅನ್ನ ಉಂಡ ಮೇಲೆ ಅವಳಿಗೆ ಕಥೆ ಹೇಳಲೇಬೇಕಾಯಿತು.

2006ರ ಅಕ್ಟೋಬರ್ 11. ನಾನಾಗ ಕಾಲೇಜಿನಲ್ಲಿದ್ದೆ. ಫುಟ್‌ಬಾಲಿನ ಏಷ್ಯನ್ ಕಪ್ ಅರ್ಹತಾ ಪಂದ್ಯ, ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ಭಾರತದ ಎದುರು ಜಪಾನ್. ನಮ್ಮ ಗುಂಪಿಗೆ ಗೊತ್ತಿದ್ದ ಜಪಾನಿ ಹೆಸರು ಒಂದೇ: ನಕಮುರ. ಸ್ಕಾಟ್ಲೆಂಡಿನ ಸೆಲ್ಟಿಕ್ ತಂಡದ ಶುನ್ಸುಕೆ ನಕಮುರ, ಒಂದು ತಿಂಗಳ ಹಿಂದಷ್ಟೇ ಮ್ಯಾಂಚೆಸ್ಟರ್ ಯುನೈಟೆಡ್ ಮೇಲೆ ಅವರದೇ ಮೈದಾನದಲ್ಲಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದ್ದವನು. ಅವನನ್ನು ನೋಡೋಕೆ ಅಂತಲೇ ಹೋಗಿದ್ದೆವು. ಬಾಂಡೊ ಅನ್ನುವವನು ಎರಡು ಗೋಲು ಹೊಡೆದ. ಪಂದ್ಯ ಮುಗಿಯೋಕೆ ಹತ್ತು ನಿಮಿಷ ಇದ್ದಾಗ ಒಬ್ಬ ದೂರದಿಂದಲೇ ಹೊಡೆದು ಮೂರನೆಯದ್ದು ಹಾಕಿದ. "ನಕಮುರ!" ಅಂತ ಯಾರೋ ಕೂಗಿದರು. ನಮ್ಮ ಮೇಲೆ ಗೋಲು ಬಿದ್ದಿದ್ದರೂ ನಾವು ಎದ್ದು ನಿಂತು ಚಪ್ಪಾಳೆ ಹೊಡೆದೆವು. ಮರುದಿನ ಪೇಪರ್ ನೋಡಿದರೆ ಅವನು ಆ ನಕಮುರ ಅಲ್ಲವೇ ಅಲ್ಲ. ಶುನ್ಸುಕೆ ಭಾರತಕ್ಕೇ ಬಂದಿರಲಿಲ್ಲ. ಇವನು ಕೆಂಗೊ ನಕಮುರ, ಅದಕ್ಕೆ ಒಂದು ವಾರ ಮುಂಚೆ ಘಾನಾ ವಿರುದ್ಧ ಮೊದಲ ಸಲ ದೇಶಕ್ಕೆ ಆಡಿದವನು. ಜಪಾನ್ ಪರವಾಗಿ ಅವನ ಮೊಟ್ಟಮೊದಲ ಗೋಲು ನಮ್ಮ ಕಂಠೀರವದಲ್ಲಿ ಬಿದ್ದದ್ದು.

ತಪ್ಪು ಮನುಷ್ಯನಿಗೆ ಚಪ್ಪಾಳೆ ಹೊಡೆದ ನಾಚಿಕೆಗೋ ಏನೋ, ಅವತ್ತಿಂದ ಅವನ ಸುದ್ದಿ ಹುಡುಕಿ ಓದುವ ಚಟ ಹತ್ತಿತು. ಅವನು ನನಗಿಂತ ಐದಾರು ವರ್ಷ ದೊಡ್ಡವನು, ಆದರೂ ಇಲ್ಲಿ ಏಕವಚನದಲ್ಲೇ ಬರೆಯುತ್ತೇನೆ. ದ್ರಾವಿಡ್ ಚೆನ್ನಾಗಿ ಆಡಿದ ಅಂತೀವೇ ಹೊರತು ಆಡಿದರು ಅಂತ ಯಾರೂ ಅನ್ನಲ್ಲ, ಅಲ್ವಾ?

ಭಾವ ಫೋನಿನಲ್ಲಿ ರೈಲಿನ ನಕ್ಷೆ ತೆಗೆದು, ನಾನು ಹೇಳಿದ ಹೆಸರುಗಳನ್ನೆಲ್ಲ ಗುರುತು ಹಾಕಿದರು. ಹಾಕಿ ಮುಗಿಸಿ ನಕ್ಕರು. "ಎಲ್ಲಾ ಇಲ್ಲೇ ಇದೆಯಲ್ಲೋ! ಯಲಹಂಕದಲ್ಲಿ ಹುಟ್ಟಿ, ಕೆಂಗೇರಿಯಲ್ಲಿ ಓದಿ, ಜಯನಗರದಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿ ರಿಟೈರ್ ಆದ ಹಾಗಾಯ್ತು."

"ಅದಕ್ಕೇ ಭಾವ, ನೋಡಬೇಕು ಅನ್ನಿಸಿದ್ದು" ಅಂದೆ.

ಎರಡನೇ ದಿನ

ನಿಶಿ-ಕಸಾಯಿಯಿಂದ ತಕದಾನೊಬಾಬಾವರೆಗೆ ಒಂದೇ ಮೆಟ್ರೋ. ಅಲ್ಲಿಂದ ಸೇಯಿಬು ಕಂಪನಿಯ ಹಳದಿ ರೈಲು ಹತ್ತಿದರೆ ಕೊದಾಯಿರಾ. ಟೋಕಿಯೋ ಅಂದರೆ ಕಣ್ಮುಂದೆ ಬರುವ ದೀಪ, ಗದ್ದಲ ಒಂದೂ ಇಲ್ಲಿಲ್ಲ. ಎರಡು ಮಹಡಿಯ ಮನೆಗಳು, ಸೈಕಲ್ಲಿನ ಹಿಂದೆ ಮಗು ಕೂರಿಸಿಕೊಂಡ ಅಮ್ಮಂದಿರು, ಮನೆಗಳ ನಡುವೆಯೇ ಮೂಲಂಗಿ, ಎಲೆಕೋಸು ಬೆಳೆದ ಹೊಲ. ರಸ್ತೆ ಬದಿಯಲ್ಲಿ ನಮ್ಮ ಹಳೇ ಕಾಲದ ಹಾಗೇ ಗುಂಡನೆಯ ಕೆಂಪು ಅಂಚೆ ಡಬ್ಬಗಳು. ಇಲ್ಲಿಯ ಜನ ಅವನ್ನು ತೆಗೆಯದೆ ಉಳಿಸಿಕೊಂಡಿದ್ದಾರೆ.

ಕೆಂಗೊ ಹುಟ್ಟಿದ್ದು 1980ರ ಅಕ್ಟೋಬರ್ 31ಕ್ಕೆ, ಬೆಳೆದದ್ದು ಈ ಊರಲ್ಲಿ. ಅವನ ಮನೆ ಎಲ್ಲಿತ್ತು ಅಂತ ನಾನು ಹುಡುಕಲಿಲ್ಲ, ಅದು ಸರಿಯೂ ಅಲ್ಲ. ನನಗೆ ನೋಡಬೇಕಾಗಿದ್ದು ಕಾಲುವೆ. ತಮಾಗವ-ಜೊಸುಯಿ ಅಂತ ಅದರ ಹೆಸರು. 1653ರಲ್ಲಿ ತೋಡಿದ್ದು. ತಮಾ ನದಿಯ ನೀರನ್ನು ಆಗಿನ ಎದೊ ಪಟ್ಟಣಕ್ಕೆ, ಅಂದರೆ ಈಗಿನ ಟೋಕಿಯೋಗೆ, ಕುಡಿಯೋಕೆ ತರಲು 43 ಕಿಲೋಮೀಟರ್ ಕಾಲುವೆ. ಈಗ ಅದು ಕಾಡಿನ ನಡುವೆ ಮರೆತುಹೋದ ತೋಡಿನ ಹಾಗಿದೆ. ಎರಡೂ ದಡದಲ್ಲಿ ಎತ್ತರದ ಮರಗಳು, ಹಳದಿ ಎಲೆ ಉದುರಿದ ಮಣ್ಣಿನ ದಾರಿ, ಆಳದಲ್ಲಿ ಕಂಡೂ ಕಾಣದ ಹಾಗೆ ನೀರು. ಈ ನೀರಿನ ಮೂಲವಾದ ನದಿಯೇ ಕೆಳಗೆ ಹರಿದು ಹೋಗಿ ಕವಾಸಾಕಿಯ ಮಗ್ಗುಲಲ್ಲಿ ಸಮುದ್ರ ಸೇರುತ್ತದೆ. ಕೆಂಗೊ ಕೂಡ ಹೆಚ್ಚುಕಮ್ಮಿ ಅದೇ ದಾರಿ ಹಿಡಿದು ಕವಾಸಾಕಿಯ ಕ್ಲಬ್ ಸೇರಿದ.

ಮೊದಲು ಆಡಿದ್ದು ಪಕ್ಕದ ಫುಚು ಊರಿನ ಮಕ್ಕಳ ಕ್ಲಬ್ಬಿನಲ್ಲಿ, ಫುರೊಕು ಅಂತ. 2011ರಲ್ಲಿ ಜಪಾನಿಗೆ ಮಹಿಳಾ ವಿಶ್ವಕಪ್ ಗೆದ್ದುಕೊಟ್ಟ ನಾಯಕಿ ಹೊಮಾರೆ ಸಾವಾ ಕೂಡ ಅದೇ ಕ್ಲಬ್ಬಿನ ಹುಡುಗಿ. ಒಂದು ಸಣ್ಣ ಮಕ್ಕಳ ಕ್ಲಬ್ಬಿಗೆ ಇದಕ್ಕಿಂತ ಏನು ಬೇಕು!

ಆದರೆ ಕೆಂಗೊಗೆ ಒಂದು ತೊಂದರೆ ಇತ್ತು. ಹುಡುಗ ಬೆಳೆಯಲೇ ಇಲ್ಲ. ಹೈಸ್ಕೂಲು ಸೇರುವಾಗ ಎತ್ತರ 154 ಸೆಂಟಿಮೀಟರ್. ಆ ವಯಸ್ಸಿನಲ್ಲಿ ಪಕ್ಕದವನು ಒಂದು ಭುಜ ತಾಗಿಸಿದರೆ ಸಾಕು, ಚೆಂಡೂ ಹೋಯಿತು ಇವನೂ ಹೋದ. ನಮ್ಮನೆಯ ಬಾಗಿಲ ಚೌಕಟ್ಟಿನಲ್ಲಿ ಅಪ್ಪ ಪ್ರತಿ ಯುಗಾದಿಗೆ ಪೆನ್ಸಿಲ್ ಗೆರೆ ಎಳೆಯುತ್ತಿದ್ದರು, ಎರಡು ವರ್ಷ ನನ್ನ ಗೆರೆಗಳು ಒಂದರ ಮೇಲೊಂದು ಬಿದ್ದಿವೆ. ಆ ಸಂಕಟ ಗೊತ್ತು ನನಗೆ. ಮೈಗೆ ಮೈ ಕೊಟ್ಟು ಗೆಲ್ಲೋಕೆ ಆಗಲ್ಲ ಅಂದಮೇಲೆ ಅವರು ಹತ್ತಿರ ಬರುವ ಮುಂಚೆ ಚೆಂಡು ದಾಟಿಸಿಬಿಡಬೇಕು, ದಾಟಿಸಬೇಕು ಅಂದರೆ ಚೆಂಡು ಕಾಲಿಗೆ ಬರುವ ಮುಂಚೆಯೇ ಯಾರು ಎಲ್ಲಿದ್ದಾರೆ ಅಂತ ನೋಡಿಟ್ಟುಕೊಂಡಿರಬೇಕು. ಮುಂದೆ ಅವನ ಹೆಸರು ನಿಂತದ್ದೇ ಆ ನೋಟದ ಮೇಲೆ.

ಹೈಸ್ಕೂಲು ಇದ್ದದ್ದು ಹಿಗಾಶಿ-ಕುರುಮೆಯಲ್ಲಿ. ಅಲ್ಲಿಗೆ ಹೋಗುವಾಗ ನಾನು ಪೆದ್ದನಾದೆ. ಕೊದಾಯಿರಾ ಸ್ಟೇಷನ್ನಿನಲ್ಲಿ ರೈಲು ದಾರಿ ಎರಡಾಗಿ ಒಡೆಯುತ್ತದೆ. ಬಂದ ರೈಲು ಹತ್ತಿ ಕೂತೆ. ಅದು ಇನ್ನೊಂದು ಕವಲಿಗೆ ಹೋಯಿತು. ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ವಾಪಸ್ ಬಂದು, ತೊಕೊರೊಝಾವದಲ್ಲಿ ಬದಲಿಸಿ ತಲುಪುವಷ್ಟರಲ್ಲಿ ಮಧ್ಯಾಹ್ನ ಮೂರು. ಹಿಗಾಶಿ-ಕುರುಮೆ ಸ್ಟೇಷನ್ನಿನಲ್ಲಿ ಫ್ಯೂಜಿ ಬೆಟ್ಟ ನೋಡೋಕೆ ಅಂತಲೇ ಒಂದು ಕಟ್ಟೆ ಮಾಡಿದ್ದಾರೆ. ಮೋಡ. ಏನೂ ಕಾಣಲಿಲ್ಲ. ಶಾಲೆ ಆಗಿನ ಹೆಸರಲ್ಲಿ ಈಗಿಲ್ಲ, 2007ರಲ್ಲಿ ಬೇರೆ ಶಾಲೆಯ ಜೊತೆ ಸೇರಿಸಿ ಹೊಸದು ಮಾಡಿದರು. ಸರ್ಕಾರಿ ಹೈಸ್ಕೂಲು, ಆಟಗಾರರನ್ನು ದೇಶದ ಮೂಲೆ ಮೂಲೆಯಿಂದ ಆರಿಸಿ ತರುವಂಥದ್ದಲ್ಲ. ಇಲ್ಲಿಂದ ಕಿರಿಯರ ರಾಷ್ಟ್ರೀಯ ತಂಡಕ್ಕೆ ಅವನನ್ನು ಯಾರೂ ಕರೆಯಲಿಲ್ಲ.

ಮೂರನೇ ದಿನ

ಇವತ್ತಿನ ಪ್ರಯಾಣವೇ ಅರ್ಧ ಮಜಾ. ತಮಾಗವ-ಜೊಸುಯಿ ಅನ್ನುವ, ಕಾಲುವೆಯದೇ ಹೆಸರಿನ ಸ್ಟೇಷನ್ನಿನಲ್ಲಿ ಇಳಿದು ಮೋನೋರೈಲು ಹತ್ತಿದೆ. ಅದು ರಸ್ತೆಯ ಮೇಲೆ, ಮನೆಗಳ ಮಾಳಿಗೆಯ ಮಟ್ಟದಲ್ಲಿ ತೇಲಿಕೊಂಡು ಹೋಗುತ್ತದೆ. ಜನರ ಬಾಲ್ಕನಿಯಲ್ಲಿ ಒಣಗುತ್ತಿರುವ ಹಾಸಿಗೆ, ಹಗ್ಗಕ್ಕೆ ಕಟ್ಟಿದ ಪರ್ಸಿಮನ್ ಹಣ್ಣು ಎಲ್ಲ ಕಾಣುತ್ತೆ. ತಾಚಿಕಾವಾ ದಾಟಿದ ಮೇಲೆ ತಮಾ ನದಿ ಬಂತು. ಅಗಲವಾದ ಪಾತ್ರ, ತುಂಬ ಕಲ್ಲು, ಮಧ್ಯದಲ್ಲಿ ನೀರು. ಹೊಳೆಯ ಆಚೆ ಬೆಟ್ಟಗಳ ಹಿಂದೆ, ನಿನ್ನೆ ಮುಖ ತೋರಿಸದ ಫ್ಯೂಜಿ ಬೆಳ್ಳಗೆ ಕೂತಿತ್ತು. ನನ್ನ ಎದುರು ಕೂತಿದ್ದ ಹುಡುಗಿ ಫೋನಿನಿಂದ ತಲೆಯನ್ನೂ ಎತ್ತಲಿಲ್ಲ. ಮೈಸೂರಿನವರಿಗೆ ಚಾಮುಂಡಿ ಬೆಟ್ಟ ಇದ್ದ ಹಾಗೆ ಇರಬೇಕು ಅವಳಿಗೆ.

ಚುವೊ ವಿಶ್ವವಿದ್ಯಾಲಯಕ್ಕೆ ಅದರದೇ ಸ್ಟೇಷನ್ ಇದೆ. ಗುಡ್ಡದ ಮೇಲೆ ದೊಡ್ಡ ದೊಡ್ಡ ಕಾಂಕ್ರೀಟ್ ಕಟ್ಟಡಗಳು. ಕ್ಯಾಂಟೀನಿನಲ್ಲಿ ಸಸ್ಯಾಹಾರದ ಗೋಳು ಶುರುವಾಯಿತು. ಸೊಬಾ ನೂಡಲ್ಸ್ ತಿನ್ನೋಣ ಅಂದುಕೊಂಡು ಹೋದರೆ ಅದರ ತಿಳಿಸಾರೂ ಮೀನಿನದು. ಕೊನೆಗೆ ಕೈಹಿಡಿದದ್ದು ಒನಿಗಿರಿ, ಒಳಗೆ ಉಮೆಬೋಶಿ, ಅಂದರೆ ಉಪ್ಪಿನಲ್ಲಿ ಹಾಕಿದ ಹುಳಿ ಹಣ್ಣು, ಇಟ್ಟ ಅನ್ನದ ಉಂಡೆ. ಬಾಯಿಗೆ ಹಾಕಿದರೆ ನಮ್ಮ ಮೊಸರನ್ನದ ಜೊತೆಗಿನ ಉಪ್ಪಿನಕಾಯಿ ನೆನಪಾಗುವಷ್ಟು ಹುಳಿ ಉಪ್ಪು. ಎರಡು ತಿಂದೆ.

ಇಲ್ಲಿ ಅವನ ಕೊನೆಯ ವರ್ಷ ತಂಡ ಎರಡನೇ ದರ್ಜೆಯ ಲೀಗಿನಲ್ಲಿತ್ತು. ಅವನು ಕ್ಯಾಪ್ಟನ್. ತಂಡವನ್ನು ಮತ್ತೆ ಮೊದಲ ದರ್ಜೆಗೆ ಏರಿಸಿದ, ಸರಿ. ಆದರೆ ಎರಡನೇ ದರ್ಜೆಯಲ್ಲಿ ಆಡುವ, ಸಣಕಲು ಮೈಯ ಹುಡುಗನನ್ನು ಯಾವ ಕ್ಲಬ್ ಹುಡುಕಿಕೊಂಡು ಬರುತ್ತೆ? ಕವಾಸಾಕಿ ಫ್ರೊಂಟಾಲೆಯ ಅಭ್ಯಾಸಕ್ಕೆ ಹೋಗಿ ಆಡಿ ತೋರಿಸಿ ಸೇರಿಕೊಂಡ. 2003ರಲ್ಲಿ. ಆ ಕ್ಲಬ್ಬೂ ಆಗ ಎರಡನೇ ದರ್ಜೆಯಲ್ಲೇ ಇತ್ತು.

ಅಲ್ಲಿಂದ ಕುರಿಹಿರಾ ಅನ್ನುವ ಸಣ್ಣ ಸ್ಟೇಷನ್ನಿಗೆ ಬಂದು, ಗುಡ್ಡ ಹತ್ತಿ ಇಳಿದು, ಫ್ರೊಂಟಾಲೆಯ ಅಸಾವೊ ಅಭ್ಯಾಸ ಮೈದಾನ ಹುಡುಕಿದೆ. ಗೇಟು ಮುಚ್ಚಿತ್ತು. ಅವತ್ತು ಅಭ್ಯಾಸ ಇದೆಯೋ ಇಲ್ಲವೋ ಅಂತ ನೋಡಿಕೊಂಡು ಬರುವಷ್ಟು ಬುದ್ಧಿ ನನಗಿರಲಿಲ್ಲ. ಬೇಲಿಯ ಸಂದಿಯಲ್ಲಿ ಕಣ್ಣಿಟ್ಟೆ. ಖಾಲಿ ಹುಲ್ಲು, ಮೂಲೆಯಲ್ಲಿ ಮಡಚಿಟ್ಟ ಗೋಲ್ ಕಂಬ, ಅಷ್ಟೇ.

ನಾಯಿ ಕರೆದುಕೊಂಡು ಹೊರಟಿದ್ದ ಒಬ್ಬ ಅಜ್ಜಿ ನಿಂತು ನನ್ನನ್ನೇ ನೋಡಿದರು. ಕಳ್ಳ ಅಂದುಕೊಂಡರೋ ಏನೋ ಅಂತ ಗಾಬರಿಯಿಂದ ಫೋನಿನ ಅನುವಾದ ತೆಗೆದು, ಇಂಡಿಯಾದಿಂದ ಬಂದಿದ್ದೇನೆ, ಕೆಂಗೊ ನಕಮುರ ಅಭಿಮಾನಿ ಅಂತ ಹೇಳಿಸಿದೆ. ಅವರ ಮುಖ ಅರಳಿತು. "ಆಆ, ಕೆಂಗೊ-ಕುನ್!" ಅಂದರು. ಕುನ್ ಅಂದರೆ ಮನೆ ಹುಡುಗರಿಗೆ, ಕಿರಿಯರಿಗೆ ಹೇಳೋದು. ನಲವತ್ತು ದಾಟಿ, ಆಟ ಬಿಟ್ಟು, ಮೂರು ಮಕ್ಕಳ ಅಪ್ಪನಾದವನು ಈ ಅಜ್ಜಿಗೆ ಇನ್ನೂ ಪಕ್ಕದ ಬೀದಿಯ ಹುಡುಗ. ನಮ್ಮ ಅಜ್ಜಿ ಆಗಿದ್ದರೆ "ನಮ್ ಕೆಂಗೊನಾ?" ಅಂತಿದ್ದರು.

ನಾಲ್ಕನೇ ದಿನ

ಇವತ್ತು ಕವಾಸಾಕಿ. ನಾನ್ಬು ಲೈನಿನ ಮುಸಾಶಿ-ನಕಾಹರಾದಲ್ಲಿ ಇಳಿದರೆ ಸ್ಟೇಷನ್ನಿಗೆ ಅಂಟಿಕೊಂಡ ಹಾಗೇ ಫುಜಿತ್ಸು ಕಂಪನಿಯ ದೊಡ್ಡ ಕಟ್ಟಡಗಳು. ಐಡಿ ಕಾರ್ಡ್ ಕುತ್ತಿಗೆಗೆ ಹಾಕಿಕೊಂಡ ಜನ ಸಾಲಾಗಿ ಹೋಗುತ್ತಿದ್ದರು. ಒಂದು ಕ್ಷಣ ಇಲೆಕ್ಟ್ರಾನಿಕ್ ಸಿಟಿಯಲ್ಲಿ ಇಳಿದ ಹಾಗಾಯಿತು. ಫ್ರೊಂಟಾಲೆ ಶುರುವಾದದ್ದು ಈ ಕಂಪನಿಯ ನೌಕರರ ತಂಡವಾಗಿ, 1955ರಲ್ಲಿ. ನಮ್ಮ ಐಟಿಐ, ಎಚ್‌ಎಎಲ್ ತಂಡಗಳ ಹಾಗೆ. ಫ್ರೊಂಟಾಲೆ ಅನ್ನುವ ಹೆಸರು ಬಂದದ್ದು 1997ರಲ್ಲಿ.

ಅಲ್ಲಿಂದ ತೊದೊರೊಕಿ ಪಾರ್ಕಿಗೆ ಇಪ್ಪತ್ತು ನಿಮಿಷದ ನಡಿಗೆ. ಮೀನು ಹಿಡಿಯುವ ಕೆರೆ, ಅದರ ಸುತ್ತ ಮಡಚುವ ಕುರ್ಚಿ ಹಾಕಿಕೊಂಡು ಮಾತಿಲ್ಲದೆ ಕೂತ ಮುದುಕರು, ಮರಗಳ ಹಿಂದೆ ಸ್ಟೇಡಿಯಂ. ಪಂದ್ಯ ಇರಲಿಲ್ಲ. ಸುತ್ತ ಒಂದು ಸುತ್ತು ಹಾಕಿದೆ. ಇದು ಫುಟ್‌ಬಾಲಿಗೆ ಅಂತ ಕಟ್ಟಿದ್ದಲ್ಲ, ಒಳಗೆ ಓಟದ ಟ್ರ್ಯಾಕ್ ಇದೆ. ಥೇಟ್ ಕಂಠೀರವದ ಹಾಗೆ.

ಈ ಊರಿಗೆ ಒಂದು ಹಳೇ ನೋವಿದೆ, ಅದು ಗೊತ್ತಿಲ್ಲದೆ ಕೆಂಗೊ ಅರ್ಥ ಆಗಲ್ಲ. ಇಲ್ಲಿಗೆ ಬಂದ ತಂಡಗಳು ಯಾವುವೂ ನಿಲ್ಲುವುದಿಲ್ಲ. ಬೇಸ್‌ಬಾಲಿನ ತೈಯೊ ವೇಲ್ಸ್ 1978ರಲ್ಲಿ ಪಕ್ಕದ ಯೊಕೊಹಾಮಾಗೆ ಹೋಯಿತು. ಲೊತ್ತೆ ಓರಿಯನ್ಸ್ ಚಿಬಾಗೆ ಹೋಯಿತು. ಫುಟ್‌ಬಾಲಿನಲ್ಲಿ ಮೊದಲ ಎರಡು ಲೀಗ್ ಗೆದ್ದ ವೆರ್ಡಿ ಕವಾಸಾಕಿ ಕೂಡ 2001ರಲ್ಲಿ ಟೋಕಿಯೋಗೆ ಗಂಟುಮೂಟೆ ಕಟ್ಟಿತು. ಗೆದ್ದು ಹೆಸರು ಮಾಡಿದವರೆಲ್ಲ ದೊಡ್ಡ ಊರು ಸೇರಿದರು ಅನ್ನಿ. ಹಾಗಾಗಿ ಉಳಿದ ಒಂದು ಎರಡನೇ ದರ್ಜೆಯ ತಂಡದ ಮೇಲೆ ಊರಿನವರಿಗೆ ನಂಬಿಕೆ ಇರಲಿಲ್ಲ. ಕೆಂಗೊ ಸೇರಿದ ಹೊಸದರಲ್ಲಿ ಸ್ಟೇಡಿಯಂ ಬಣಬಣ. ಆಟಗಾರರೇ ಮಾರುಕಟ್ಟೆ ಬೀದಿಗಳಿಗೆ ಹೋಗಿ, ಅಂಗಡಿಯವರ ಜೊತೆ ನಿಂತು, ಬನ್ನಿ ಪಂದ್ಯ ನೋಡಿ ಅನ್ನಬೇಕಿತ್ತು. ಆಮೇಲಾಮೇಲೆ ಕ್ಲಬ್ಬು ಒಂದು ಒಳ್ಳೆ ಕೆಲಸ ಮಾಡಿತು. 2009ರಿಂದ ಆಟಗಾರರ ಚಿತ್ರ ಹಾಕಿ ಲೆಕ್ಕದ ಅಭ್ಯಾಸ ಪುಸ್ತಕ ಮಾಡಿ ಇಲ್ಲಿಯ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಹಂಚಿತು. 2011ರ ಸುನಾಮಿಯಲ್ಲಿ ರಿಕುಝೆನ್‌ತಕಾತಾ ಊರಿನ ಮಕ್ಕಳ ಪುಸ್ತಕ ಎಲ್ಲ ಕೊಚ್ಚಿ ಹೋದಾಗ ಇದೇ ಲೆಕ್ಕದ ಪುಸ್ತಕ ಅಲ್ಲಿಗೂ ಹೋಯಿತು, ಹಿಂದೆಯೇ ಆಟಗಾರರೂ ಹೋದರು, ಆ ನಂಟು ವರ್ಷಗಟ್ಟಲೆ ಮುಂದುವರಿಯಿತು.

ಆಟಕ್ಕೆ ಬರೋಣ. 2003ರಲ್ಲಿ ಫ್ರೊಂಟಾಲೆ ಒಂದೇ ಒಂದು ಅಂಕದಿಂದ ಮೇಲಿನ ದರ್ಜೆ ತಪ್ಪಿಸಿಕೊಂಡಿತು. ಮರುವರ್ಷ ಸೆಕಿಝುಕಾ ಅನ್ನುವ ಕೋಚ್ ಬಂದು, ಮುಂದೆ ಆಡುತ್ತಿದ್ದ ಕೆಂಗೊನನ್ನು ಹಿಂದೆ ಎಳೆದು ಮೈದಾನದ ನಟ್ಟನಡುವೆ ನಿಲ್ಲಿಸಿದ. ನನ್ನ ಪ್ರಕಾರ ಈ ಇಡೀ ಕಥೆಯಲ್ಲಿ ಇದಕ್ಕಿಂತ ದೊಡ್ಡ ತಿರುವಿಲ್ಲ. ಮುಂದೆ ನಿಂತರೆ ಬೆನ್ನ ಹಿಂದೆ ಯಾರಿದ್ದಾರೆ ಕಾಣಲ್ಲ, ಎದುರಾಳಿ ಮೈಮೇಲೆ ಬರುತ್ತಾನೆ. ಹಿಂದೆ ನಿಂತರೆ ಆಟವೆಲ್ಲ ಕಣ್ಣೆದುರಿಗೆ ಹಾಸಿಕೊಂಡಿರುತ್ತದೆ. ಆ ಕುಳ್ಳ ಹುಡುಗ ಶಾಲೆಯಲ್ಲಿ ಕಲಿತ ನೋಟಕ್ಕೆ ಸರಿಯಾದ ಜಾಗ ಸಿಕ್ಕಿತು. ಇವನು ನಡುವಿನಿಂದ ಒಂದು ಪಾಸ್ ಕೊಡೋದು, ಮುಂದೆ ಬ್ರೆಜಿಲಿನ ಜುನಿನ್ಯೊ ಓಡಿ ಹೋಗಿ ಗೋಲು ಹಾಕೋದು. ಆ ವರ್ಷ 105 ಅಂಕ ಗಳಿಸಿ ತಂಡ ಮೇಲೇರಿತು. ಮತ್ತೆ ಎರಡು ವರ್ಷಕ್ಕೆ ಇವನು ಬೆಂಗಳೂರಿಗೆ ಬಂದ.

ಅಲ್ಲಿಂದ ಶುರು, ಎರಡನೇ ಸ್ಥಾನದ ಶನಿ. ಲೀಗಿನಲ್ಲಿ 2006, 2008, 2009, ಮೂರು ಸಲ ಎರಡನೇ ಸ್ಥಾನ. ಲೀಗ್ ಕಪ್ ಅನ್ನುವ ಬೇರೆಯದೇ ಟೂರ್ನಿಯ ಫೈನಲ್ಲಿನಲ್ಲಿ 2007, 2009, ಆಮೇಲೆ 2017ರಲ್ಲೂ ಸೋಲು. ಅಲ್ಲಿಯ ಪತ್ರಿಕೆಗಳು ಸಿಲ್ವರ್ ಕಲೆಕ್ಟರ್ ಅಂತ ಅಡ್ಡಹೆಸರಿಟ್ಟವು. ಬೇರೆಯವನಾಗಿದ್ದರೆ ಯಾವತ್ತೋ ಬೇರೆ ಕ್ಲಬ್ ನೋಡಿಕೊಳ್ಳುತ್ತಿದ್ದ. ಇವನು ಹೋಗಲಿಲ್ಲ. ಒಂದೇ ತಂಡಕ್ಕೆ ಬದುಕು ಕೊಟ್ಟವನನ್ನು ಜಪಾನಿನವರು ಇಟಲಿಯ ಮಾತಿನಲ್ಲಿ ಬಂದಿಯೆರಾ ಅನ್ನುತ್ತಾರೆ, ಬಾವುಟ ಅಂತ ಅರ್ಥ.

ದೇಶದ ತಂಡದಲ್ಲೂ ಅಷ್ಟೇ, ಸುಖ ಅರ್ಧಂಬರ್ಧ. 2010ರ ಫೆಬ್ರವರಿಯಲ್ಲಿ ಫ್ರೊಂಟಾಲೆ ಪರವಾಗಿ ಕೊರಿಯಾದ ಒಂದು ಕ್ಲಬ್ಬಿನ ಜೊತೆ ಆಡುವಾಗ ದವಡೆ ಮುರಿಯಿತು. ವಿಶ್ವಕಪ್ಪಿಗೆ ಉಳಿದದ್ದು ನಾಲ್ಕು ತಿಂಗಳು. ಆಪರೇಷನ್ ಮಾಡಿಸಿಕೊಂಡು ಹೇಗೋ ತಂಡ ಸೇರಿ ದಕ್ಷಿಣ ಆಫ್ರಿಕಾಗೆ ಹೋದ. ಆಡೋಕೆ ಸಿಕ್ಕಿದ್ದು ಒಂದೇ ಪಂದ್ಯ, ಪರಾಗ್ವೆ ಮೇಲೆ, ಅದೂ ಕೊನೆಗೆ ಬದಲಿಯಾಗಿ. ಗೋಲಿಲ್ಲದೆ ಮುಗಿದು ಪೆನಾಲ್ಟಿಯಲ್ಲಿ ಜಪಾನ್ ಸೋತಿತು. 2014ರ ವಿಶ್ವಕಪ್ಪಿಗೆ ಹೆಸರೇ ಇರಲಿಲ್ಲ. ಒಟ್ಟು 68 ಪಂದ್ಯ, 6 ಗೋಲು. ಆ ಆರರಲ್ಲಿ ಒಂದು ನಮ್ಮದು.

2015ರಲ್ಲಿ, 35ನೇ ಹುಟ್ಟುಹಬ್ಬಕ್ಕೆ, ಇನ್ನೈದು ವರ್ಷ, ನಲವತ್ತಕ್ಕೆ ನಿಲ್ಲಿಸಿಬಿಡ್ತೀನಿ ಅಂತ ಹೆಂಡತಿಯ ಹತ್ತಿರ ಹೇಳಿದನಂತೆ. ಹೊರಗೆ ಬಾಯಿ ಬಿಡಲಿಲ್ಲ. ಮರುವರ್ಷ 36ರಲ್ಲಿ ಲೀಗಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಬಂತು. ಅಷ್ಟು ವಯಸ್ಸಿನಲ್ಲಿ ಅದು ಅದುವರೆಗೆ ಯಾರಿಗೂ ಬಂದಿರಲಿಲ್ಲ.

ಇನ್ನು 2017ರ ಡಿಸೆಂಬರ್ 2. ನಾನು ನಿಂತಿದ್ದ ಗೋಡೆಯ ಆಚೆ ನಡೆದದ್ದು. ಕೊನೆಯ ಸುತ್ತು. ಕಶಿಮಾ ತಂಡ 71 ಅಂಕದಲ್ಲಿ ಮೇಲಿದೆ, ಫ್ರೊಂಟಾಲೆಗೆ 69. ಇವರು ಗೆಲ್ಲಲೇಬೇಕು, ಕಶಿಮಾ ದೂರದ ಇವಾತಾದಲ್ಲಿ ಗೆಲ್ಲಬಾರದು. ಒಮಿಯಾ ತಂಡದ ಎದುರು ಮೊದಲ ನಿಮಿಷದಲ್ಲೇ ಒಂದು ಗೋಲು ಹಾಕಿದರು, ಕ್ಯಾಪ್ಟನ್ ಕೊಬಾಯಾಶಿ ಒಬ್ಬನೇ ಮೂರು ಹೊಡೆದ, ಒಟ್ಟು 5-0. ಅತ್ತ ಕಶಿಮಾ 0-0. ಇಬ್ಬರಿಗೂ 72 ಅಂಕ, ಗೋಲುಗಳ ಲೆಕ್ಕದಲ್ಲಿ ಕವಾಸಾಕಿ ಮೇಲೆ. ಆ ಸುದ್ದಿ ಕಿವಿಗೆ ಬಿದ್ದಾಗ 37ರ ಕೆಂಗೊ ಹುಲ್ಲಿನ ಮೇಲೆ ಕುಸಿದು, ಹಣೆ ನೆಲಕ್ಕೆ ಹಚ್ಚಿ ಅಳೋಕೆ ಶುರುಮಾಡಿದ. ಹದಿನೈದನೇ ವರ್ಷ ಅದು. ನಾನು ಆ ವಿಡಿಯೋವನ್ನು ಎಷ್ಟು ಸಲ ನೋಡಿದ್ದೇನೋ, ಪ್ರತಿ ಸಲವೂ ಅವನು ಏಳೋಕೆ ಅಷ್ಟೇ ಹೊತ್ತು ತಗೋತಾನೆ.

ಆಮೇಲೆ ನಡೆದದ್ದು ನಗೆಪಾಟಲು. ಎತ್ತಿ ಹಿಡಿಯೋಕೆ ಟ್ರೋಫಿಯೇ ಇಲ್ಲ! ಅಸಲಿ ಬೆಳ್ಳಿ ತಟ್ಟೆಯನ್ನು, ಗೆಲ್ಲೋದು ಕಶಿಮಾನೇ ಇರಬೇಕು ಅಂತ ಇವಾತಾಗೆ ಕಳಿಸಿಬಿಟ್ಟಿದ್ದರು. ಕವಾಸಾಕಿಯವರು ಏನು ಮಾಡಿದರು ಗೊತ್ತಾ? ಸ್ನಾನದ ಬೇಸಿನ್ ಎತ್ತಿದರು. ಹೌದು, ಬಚ್ಚಲಲ್ಲಿ ಮೈಮೇಲೆ ನೀರು ಸುರಿದುಕೊಳ್ಳುವ ಬೇಸಿನ್. ಊರಿನ ಸಾರ್ವಜನಿಕ ಸ್ನಾನದ ಮನೆಗಳ ಸಂಘದ ಜೊತೆ ಕ್ಲಬ್ಬಿಗೆ ಮೊದಲಿಂದ ನಂಟಿತ್ತಲ್ಲ, ಅದರದ್ದು. ದೇಶದ ಚಾಂಪಿಯನ್ನರು ಅದನ್ನೇ ಕೈಯಿಂದ ಕೈಗೆ ದಾಟಿಸಿ ಕುಣಿದರು.

ಐದನೇ ದಿನ

ಬೆಳಗ್ಗೆ ತಮಾ ನದಿಯ ದಂಡೆ. ಮುಸಾಶಿ-ಕೊಸುಗಿಯ ಎತ್ತರದ ಅಪಾರ್ಟ್‌ಮೆಂಟುಗಳು ನೀರಿನಲ್ಲಿ ಕಾಣುತ್ತವೆ. 2019ರ ಅಕ್ಟೋಬರಿನಲ್ಲಿ ಹಗಿಬಿಸ್ ಚಂಡಮಾರುತ ಬಂದಾಗ ಈ ನದಿ ಉಕ್ಕಿ, ಮಳೆನೀರು ಹೊಳೆಗೆ ಹೋಗುವ ಕೊಳವೆಗಳಲ್ಲೇ ಹೊಳೆಯ ನೀರು ವಾಪಸ್ ನುಗ್ಗಿತ್ತು. ನೆಲಮಾಳಿಗೆಯ ಕರೆಂಟ್ ಯಂತ್ರ ಮುಳುಗಿ ಅಷ್ಟು ದೊಡ್ಡ ಕಟ್ಟಡದಲ್ಲಿ ಲಿಫ್ಟು, ನೀರು ಬಂದ್. ಸ್ಟೇಡಿಯಂ ಪಕ್ಕದ ಮ್ಯೂಸಿಯಂ ಕೂಡ ಮುಳುಗಿತು. ಎರಡು ವಾರದ ನಂತರ ಫ್ರೊಂಟಾಲೆ ಮೊದಲ ಸಲ ಲೀಗ್ ಕಪ್ ಗೆದ್ದಿತು. ಅದಾಗಿ ಒಂದೇ ವಾರಕ್ಕೆ, ನವೆಂಬರ್ 2ಕ್ಕೆ, ಕೆಂಗೊನ ಎಡ ಮಂಡಿಯ ಲಿಗಮೆಂಟ್ ಹರಿಯಿತು. 39 ವಯಸ್ಸು. ಎಲ್ಲರೂ ಮುಗೀತು ಅಂದುಕೊಂಡರು.

ಹತ್ತು ತಿಂಗಳಿಗೆ, 2020ರ ಆಗಸ್ಟ್ 29ಕ್ಕೆ, ಮತ್ತೆ ಇಳಿದ, ಅವತ್ತೇ ಗೋಲು ಹೊಡೆದ. ಅಕ್ಟೋಬರ್ 31ಕ್ಕೆ ನಲವತ್ತು ತುಂಬಿತು. ಅವತ್ತು ಹೊಳೆಯ ಆಚೆ ದಡದ ಎಫ್‌ಸಿ ಟೋಕಿಯೋ ಜೊತೆ ಪಂದ್ಯ. ಇದಕ್ಕೆ ತಮಾಗವ ಕ್ಲಾಸಿಕೊ ಅಂತಲೇ ಹೆಸರು. ಗೆಲುವಿನ ಗೋಲು ಇವನದೇ, 2-1. ಕೊರೊನಾ ಕಾಲ, ಜನ ಕೂಗುವ ಹಾಗಿಲ್ಲ, ಬರೀ ಚಪ್ಪಾಳೆ. ಮರುದಿನ ಬಂದು ಈ ವರ್ಷಕ್ಕೆ ಸಾಕು ಅಂತ ಹೇಳಿಬಿಟ್ಟ. ಐದು ವರ್ಷದ ಗುಟ್ಟು ಆಗ ಹೊರಬಿತ್ತು. ಆ ವರ್ಷ ಲೀಗ್ ಗೆದ್ದರು, 2021ರ ಜನವರಿ 1ಕ್ಕೆ ಚಕ್ರವರ್ತಿ ಕಪ್ ಅನ್ನುವ ಇನ್ನೊಂದು ಟೂರ್ನಿ ಕೂಡ. ಆ ಫೈನಲ್ಲಿನಲ್ಲಿ ಅವನು ಬೆಂಚಿನ ಮೇಲೇ ಕೂತಿದ್ದ, ಕೊನೆಗೂ ಒಳಗೆ ಇಳಿಸಲಿಲ್ಲ. ಕೋಚ್ ಓನಿಕಿ ಒಂದು ಕಾಲದಲ್ಲಿ ಇವನ ಜೊತೆಗೇ ಆಡಿದವನು. ಒಂದು ಎರಡು ನಿಮಿಷಕ್ಕಾದರೂ ಕಳಿಸಬಾರದಿತ್ತಾ ಅಂತ ನನಗೆ ಈಗಲೂ ಸಿಟ್ಟಿದೆ. ಭಾವನ ಹತ್ತಿರ ಹೇಳಿದರೆ, "1-0 ಇತ್ತಲ್ಲೋ, ಕಪ್ ಗೆಲ್ಲೋದು ಬಿಟ್ಟು ಸನ್ಮಾನ ಮಾಡ್ತಾರಾ?" ಅಂದರು. ಇರಬಹುದು.

ಸಂಜೆ ಧೈರ್ಯ ಮಾಡಿ ಒಂದು ಸೆಂತೊಗೆ ಹೋದೆ. ಸೆಂತೊ ಅಂದರೆ ಬೀದಿಯ ಸಾರ್ವಜನಿಕ ಸ್ನಾನದ ಮನೆ. ಐನೂರು ಚಿಲ್ಲರೆ ಯೆನ್. ಹಳ್ಳಿಯಲ್ಲಿ ಹೊಳೆಗೆ ಬಿದ್ದು ಬೆಳೆದವನೇ ನಾನು, ಆದರೆ ಅಲ್ಲಿ ಚಡ್ಡಿ ಇರುತ್ತಿತ್ತು! ಇಲ್ಲಿ ಕರವಸ್ತ್ರದಷ್ಟು ಟವೆಲ್ ಒಂದೇ ಗತಿ. ಮೊದಲ ಐದು ನಿಮಿಷ ಗೋಡೆ ನೋಡಿಕೊಂಡೇ ಇದ್ದೆ. ಗೋಡೆಯಲ್ಲೂ ಫ್ಯೂಜಿ ಬೆಟ್ಟದ ಚಿತ್ರ. ಆಮೇಲೆ ಯಾರೂ ಯಾರನ್ನೂ ನೋಡುತ್ತಿಲ್ಲ ಅಂತ ಗೊತ್ತಾಯಿತು.

ಸಾಲಾಗಿ ಕುಳ್ಳ ಸ್ಟೂಲು, ಪ್ರತಿಯೊಂದರ ಮುಂದೆ ನಲ್ಲಿ, ಪಕ್ಕದಲ್ಲಿ ಗೋಪುರದ ಹಾಗೆ ಪೇರಿಸಿಟ್ಟ ಹಳದಿ ಬೇಸಿನ್‌ಗಳು. ಒಂದು ತೆಗೆದುಕೊಂಡೆ. ದಪ್ಪ ಪ್ಲಾಸ್ಟಿಕ್, ಕೈಗೆ ಭಾರ, ತಳದಲ್ಲಿ ಕೆರೊರಿನ್ ಅಂತ ನೋವಿನ ಔಷಧದ ಜಾಹೀರಾತು. 1963ರಿಂದ ಜಪಾನಿನ ಸ್ನಾನದ ಮನೆಗಳಲ್ಲಿ ಈ ಬೇಸಿನ್ ಇದೆಯಂತೆ, ಎಷ್ಟು ನೀರು ಬಿದ್ದರೂ ಅಕ್ಷರ ಅಳಿಸಲ್ಲ. ನೀರು ತುಂಬಿ ತಲೆಮೇಲೆ ಸುರಿದುಕೊಂಡೆ. ಖಾಲಿ ಮಾಡಿ ನೆಲದ ಮೇಲಿಟ್ಟರೆ ಟಕ್ ಅಂತ ಸದ್ದು, ಟೈಲ್ಸಿನ ಗೋಡೆಗಳಲ್ಲಿ ಅದು ಎರಡು ಸಲ ಕೇಳಿಸುತ್ತದೆ. ಪಕ್ಕದ ಮುದುಕರು ಬೆನ್ನುಜ್ಜಿಕೊಳ್ಳುತ್ತಾ ಕಣ್ಣು ಮುಚ್ಚಿದ್ದರು. ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ನಾಚಿಕೆ ಬಿಟ್ಟು ಹೇಳ್ತೀನಿ, ಬೇಸಿನ್ನನ್ನು ಎರಡು ಕೈಯಲ್ಲಿ ಹಿಡಿದು ತಲೆಯ ಮೇಲಕ್ಕೆ ಎತ್ತಿದೆ. ಮುದುಕರು ಕಣ್ಣು ಬಿಟ್ಟರು. ನೋಡಿದರು. ಮತ್ತೆ ಮುಚ್ಚಿಕೊಂಡರು.

ಆರನೇ ದಿನ

ವಿಮಾನ ಸಂಜೆಗೆ. ಬೆಳಗ್ಗೆ ಅಂಗಡಿ ಬೀದಿ. ಅಕ್ಕ ಚಾಕೊಲೇಟು, ಚಹಾಪುಡಿ, ಬೀಸಣಿಗೆ ಕೊಡಿಸಿದಳು. ನಾನು ಒಂದು ಹಳದಿ ಬೇಸಿನ್ ಹುಡುಕಿ ತಂದೆ. "ಬೆಂಗಳೂರಲ್ಲಿ ಪ್ಲಾಸ್ಟಿಕ್ ಸಿಗಲ್ವೇನೋ?" ಅಂತ ಅವಳು. ಒಳಗೆ ಕಾಲುಚೀಲ ತುರುಕಿ ಕೈಚೀಲದಲ್ಲಿಟ್ಟೆ. ಏರ್‌ಪೋರ್ಟಿನ ತಪಾಸಣೆಯವನು ಅದನ್ನು ಹೊರತೆಗೆದು, ತಿರುಗಿಸಿ ನೋಡಿ, ಮೊದಲ ಸಲ ನಕ್ಕ.

ಮನೆಗೆ ಬಂದು ಅದನ್ನು ಶೋಕೇಸಿನಲ್ಲಿಡಬೇಕು ಅಂದುಕೊಂಡಿದ್ದೆ. ಎರಡು ದಿನ ಟೇಬಲ್ಲಿನ ಮೇಲಿತ್ತು. ಡಿಸೆಂಬರ್, ಅವರೆಕಾಯಿ ಕಾಲ. ಮೂರನೇ ದಿನ ಅಡುಗೆಮನೆಗೆ ಹೋದರೆ, ಅಮ್ಮ ಹಿತಕಿದ ಬೇಳೆ ಸಾರಿಗೆ ಅಂತ ಎರಡು ಸೇರು ಅವರೆಕಾಳು ಅದರಲ್ಲೇ ನೆನೆಹಾಕಿದ್ದರು. "ಅಗಲ ಸರಿಯಾಗಿದೆ ಕಣೋ, ಕೈ ಆಡಿಸೋಕೆ" ಅಂದು, ನನಗೂ ಒಂದು ಮಣೆ ತಳ್ಳಿ, ಹಿತುಕೋಕೆ ಕೂರಿಸಿದರು.